ಒಂದು ಮನೆ ನೋಡಲು ಒಂದು ದಿನ

ಮೊದಲ ದಿನ: ತಿಪಟೂರಿನಿಂದ ತೀರ್ಥಹಳ್ಳಿಗೆ

“ಒಂದು ಮನೆ ನೋಡುವುದಕ್ಕೆ ಇಡೀ ಒಂದು ದಿನ ಬೇಕೆ ಮೇಡಂ?” ಎಂದು ನಮ್ಮ ಗಣಿತದ ಮೇಷ್ಟರು ಕೇಳಿದಾಗ ನನ್ನ ಹತ್ತಿರ ನೆಟ್ಟಗೆ ಉತ್ತರವಿರಲಿಲ್ಲ. ಶಾಲಾ ಪ್ರವಾಸವೆಂದರೆ ನಮ್ಮಲ್ಲಿ ಮೂರು ದಿನಕ್ಕೆ ಹನ್ನೊಂದು ಊರು. ಇಳಿ, ಸಾಲಾಗಿ ನಿಲ್ಲು, ನೋಡು, ತಲೆ ಎಣಿಸು, ಹತ್ತು. ಹೋದ ವರ್ಷ ಬಂದ ಮೇಲೆ ಪ್ರಬಂಧ ಬರೆಸಿದರೆ ಒಬ್ಬ ಹುಡುಗ ಬೇಲೂರಿನ ಶಿಲಾಬಾಲಿಕೆಯರನ್ನು ಶ್ರವಣಬೆಳಗೊಳದ ಬೆಟ್ಟ ಹತ್ತಿಸಿಬಿಟ್ಟಿದ್ದ. ಬೈಯಲು ಬಾಯಿ ಬರಲಿಲ್ಲ. ಸಮಾಜ ವಿಜ್ಞಾನ ಹೇಳುವ ನನಗೇ ಆ ಮೂರು ದಿನ ಕಲಸುಮೇಲೋಗರವಾಗಿತ್ತು. ಹಾಗಾಗಿ ಈ ಸಲ ಹಟ ಹಿಡಿದೆ. ನಾಲ್ಕು ದಿನ, ಎರಡೇ ಮನೆ: ಕುಪ್ಪಳಿಯಲ್ಲಿ ಕುವೆಂಪು ಅವರದು, ಪುತ್ತೂರಿನಲ್ಲಿ ಶಿವರಾಮ ಕಾರಂತರದು.

ಅನುಮತಿ, ಪೋಷಕರ ಒಪ್ಪಿಗೆ ಪತ್ರ, ಬಸ್ಸಿನ ಮುಂಗಡ ಎಲ್ಲ ಮುಗಿಸಿ ಡಿಸೆಂಬರಿನ ಒಂದು ನಸುಕಿನಲ್ಲಿ ಹೊರಟೆವು. ಎಂಟನೆಯ ತರಗತಿಯ 41 ಮಕ್ಕಳು, ಮೂವರು ಶಿಕ್ಷಕರು, ಎರಡು ದೊಡ್ಡ ಡಬ್ಬ ಪುಳಿಯೋಗರೆ, ನನ್ನ ಚೀಲದಲ್ಲಿ ಮೂವತ್ತು ಪ್ರಶ್ನೆಗಳ ಹಾಳೆಗಳ ಕಟ್ಟು. ಆ ಹಾಳೆಗಳ ಬಗ್ಗೆ ನನಗೆ ತುಸು ಜಂಬವೇ ಇತ್ತು. ಎರಡು ಭಾನುವಾರ ಕೂತು ತಯಾರಿಸಿದ್ದೆ.

ಅರಸೀಕೆರೆ, ಕಡೂರು, ಬೀರೂರು ದಾಟಿ ತರೀಕೆರೆಯ ಹತ್ತಿರ ಟೈರು ಉಸ್ಸೆಂದಿತು. ಮಕ್ಕಳಿಗೆ ಅದೇ ಮೊದಲ ಪ್ರೇಕ್ಷಣೀಯ ಸ್ಥಳ. ಪಂಕ್ಚರ್ ಹಾಕುವವನು ಜ್ಯಾಕಿ ಏರಿಸುತ್ತಾ “ಎಲ್ಲಿಗೆ ಹೊರಟಿದ್ದೀರಿ?” ಎಂದು ವಿಚಾರಿಸಿದ. ಹೇಳಿದೆ. “ಕುಪ್ಪಳಿಯೇ? ಹತ್ತು ನಿಮಿಷ ಸಾಕು ಅಲ್ಲಿ. ಗುಡ್ಡದ ಮೇಲಿನ ಕವಿಶೈಲದಲ್ಲಿ ಒಂದು ಫೋಟೊ ತೆಗೆದುಕೊಂಡು ಸೀದಾ ಸಿಗಂದೂರಿಗೆ ಹೋಗಿ, ಮಕ್ಕಳಿಗೆ ದೇವಿಯ ದರ್ಶನ ಮಾಡಿಸಿ” ಎಂದ. ಗಣಿತದ ಮೇಷ್ಟರು ಏನೂ ಹೇಳಲಿಲ್ಲ, ನನ್ನ ಕಡೆ ನೋಡಿದರು ಅಷ್ಟೆ.

ಟೈರಿನ ದೆಸೆಯಿಂದ ಆನೆ ಬಿಡಾರದ ಸಕ್ರೆಬೈಲು ತಲುಪುವಾಗ ಮೂರು ಗಂಟೆ. ಅಲ್ಲಿ ಆನೆಗಳು ನೀರಿಗಿಳಿಯುವುದು ಬೆಳಗಿನ ಹೊತ್ತು. ಮಧ್ಯಾಹ್ನ ಹೋದವರಿಗೆ ಸಿಗುವುದು ತುಂಗೆಯ ಹಿನ್ನೀರಿನ ಗಾಳಿ ಮಾತ್ರ. ಅದೂ ಚೆನ್ನಾಗಿಯೇ ಇತ್ತು, ಆದರೆ ಆನೆ ಕಾಣದ ಮಕ್ಕಳಿಗೆ ಗಾಳಿಯ ಸೊಗಸನ್ನು ವಿವರಿಸುವ ಧೈರ್ಯ ನನಗಿರಲಿಲ್ಲ. ಶಿವಮೊಗ್ಗದಿಂದ ಅರವತ್ತು ಕಿಲೋಮೀಟರಿನ ದಾರಿ, ಕತ್ತಲಾಗುವ ಹೊತ್ತಿಗೆ ತೀರ್ಥಹಳ್ಳಿ. ಮೊದಲೇ ಮಾತಾಡಿಟ್ಟಿದ್ದ ಕಲ್ಯಾಣಮಂಟಪದ ಸಭಾಂಗಣದಲ್ಲಿ ಜಮಖಾನೆ ಹಾಸಿ ಮಲಗಿದೆವು. ಬಯಲುಸೀಮೆಯ ಮಕ್ಕಳಿಗೆ ಮಲೆನಾಡಿನ ಡಿಸೆಂಬರ್ ಚಳಿ ಏನೆಂದು ಆ ರಾತ್ರಿ ತಿಳಿಯಿತು. ಹೊದಿಕೆ ಎರಡೆರಡು ತನ್ನಿ ಎಂದು ನಾನು ಪತ್ರದಲ್ಲಿ ಬರೆದಿದ್ದೆ. ತಂದವರು ಒಂಬತ್ತು ಮಂದಿ.

ಎರಡನೆಯ ದಿನ: ಕುಪ್ಪಳಿ

ಬೆಳಗ್ಗೆ ಕಡುಬು, ಕಾಯಿ ಚಟ್ನಿ. ಇಡ್ಲಿಯಂತೆಯೂ ಇಲ್ಲ, ಮುದ್ದೆಯಂತೆಯೂ ಇಲ್ಲ ಎಂದು ಮಕ್ಕಳು ಮೊದಲು ಅನುಮಾನದಿಂದ ನೋಡಿ, ಆಮೇಲೆ ಹೋಟೆಲಿನವರ ಹಬೆಪಾತ್ರೆ ಬರಿದು ಮಾಡಿದರು.

ಕೊಪ್ಪದ ರಸ್ತೆಯಲ್ಲಿ ಹೋಗಿ ಗಡಿಕಲ್ಲಿನಲ್ಲಿ ಕುಪ್ಪಳಿಗೆ ತಿರುಗುವಾಗ ಮಂಜು ಇನ್ನೂ ಎದ್ದಿರಲಿಲ್ಲ. ಮನೆ ದಿಢೀರನೆ ಕಾಣಿಸುತ್ತದೆ. ಹಿಂದೆ ಕಾಡುಗುಡ್ಡ, ಮುಂದೆ ಅಡಿಕೆ ತೋಟದ ತಗ್ಗು, ನಡುವೆ ಹೆಂಚಿನ ಮಾಡುಗಳನ್ನು ಹೊದ್ದು ಕೂತ ಮೂರಂತಸ್ತಿನ ತೊಟ್ಟಿಮನೆ. 1904ರ ಡಿಸೆಂಬರ್ 29ರಂದು ಕುವೆಂಪು ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಬೆಳೆದದ್ದು ಇಲ್ಲಿ. ಹಳೆಯ ಮನೆಯನ್ನು ಕುವೆಂಪು ಪ್ರತಿಷ್ಠಾನ ದುರಸ್ತಿ ಮಾಡಿಸಿ ವಸ್ತುಸಂಗ್ರಹಾಲಯವಾಗಿ ಕಾಪಾಡಿಕೊಂಡು ಬಂದಿದೆ. ಭಾನುವಾರ ಜನ ಕಿಕ್ಕಿರಿಯುತ್ತಾರೆಂದು ಕೇಳಿ ನಾವು ವಾರದ ನಡುವೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆವು. ಆ ಒಂದು ಲೆಕ್ಕ ಸರಿಯಾಗಿತ್ತು.

ಮರದ ಏಣಿಮೆಟ್ಟಿಲು ಕಡಿದು. ನಲವತ್ತು ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಮನೆಗೂ ಕಷ್ಟ, ಮಕ್ಕಳಿಗೂ ಕಷ್ಟ. ಹತ್ತು ಹತ್ತು ಮಂದಿಯ ಮೂರು, ಹನ್ನೊಂದು ಮಂದಿಯ ಒಂದು, ಹೀಗೆ ನಾಲ್ಕು ತಂಡ ಮಾಡಿ ಪ್ರಶ್ನೆಯ ಹಾಳೆ ಕೊಟ್ಟು ಮೊದಲ ತಂಡವನ್ನು ಒಳಗೆ ಕಳಿಸಿದೆ. ಒಂದು ಗಂಟೆಯಾದರೂ ಬೇಕು ಎಂಬುದು ನನ್ನ ಅಂದಾಜು. ಹನ್ನೆರಡೇ ನಿಮಿಷಕ್ಕೆ ಹತ್ತೂ ಜನ ಹೊರಗೆ! ಮೂವತ್ತಕ್ಕೆ ಮೂವತ್ತೂ ಉತ್ತರ. ಹೇಗೆ ಎಂದು ನೋಡಿದರೆ ಫಲಕಗಳಲ್ಲಿ ಬರೆದದ್ದನ್ನು ಇಳಿಸಿಕೊಂಡಿದ್ದರು, ಉಳಿದದ್ದನ್ನು ಒಬ್ಬಳಿಂದ ಇನ್ನೊಬ್ಬಳು. “ಮದುವೆಯ ಮಂಟಪ ಹೇಗಿತ್ತು?” ಎಂದು ಕೇಳಿದೆ. ಯಾವ ಮಂಟಪ ಎಂಬಂತೆ ಮುಖ ನೋಡಿದರು. ಕುವೆಂಪು ಅವರ ಮದುವೆಯ ಮಂಟಪ ಒಳಗೆ ನಿಂತೇ ಇದೆ. ಹಾಳೆಯ ಹದಿನಾಲ್ಕನೆಯ ಪ್ರಶ್ನೆ ಅದೇ. ಉತ್ತರ ಸರಿಯಾಗಿ ಬರೆದಿದ್ದಾರೆ, ಕಣ್ಣು ಮಾತ್ರ ಅತ್ತ ಹೋಗಿಲ್ಲ.

ಅಂಗಳದಲ್ಲಿ ಕೂತು ಹಾಳೆಗಳನ್ನೆಲ್ಲ ವಾಪಸ್ ಕೇಳಿ ಚೀಲಕ್ಕೆ ತುರುಕಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಹೇಳಿದೆ: ಈಗ ಮತ್ತೆ ಒಳಗೆ ಹೋಗಿ. ಇಬ್ಬಿಬ್ಬರು ಸೇರಿ ಒಂದೇ ಒಂದು ವಸ್ತುವನ್ನೋ, ಮನೆಯ ಒಂದು ಮೂಲೆಯನ್ನೋ ಆರಿಸಿಕೊಳ್ಳಿ. ಮುಟ್ಟುವ ಹಾಗಿಲ್ಲ, ಎದುರು ಕೂತು ಚಿತ್ರ ಬರೆಯಿರಿ. ಆ ಕೆಲಸ ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ, ಯಾವುದರಿಂದ ಮಾಡುತ್ತಾರೆ, ಅದನ್ನು ಹೇಳಿ.

ಆಮೇಲಿನ ಗದ್ದಲವೇ ಬೇರೆ. ಮೇಲಿನಿಂದ ಒಬ್ಬ ಹುಡುಗಿ ಪಿಸುದನಿಯಲ್ಲಿ ಕೂಗಿದಳು: “ಮಿಸ್, ಇಲ್ಲಿ ಬನ್ನಿ, ಇದು ನಮ್ಮ ಕೊಬ್ಬರಿ ಅಟ್ಟದ ಹಾಗೆಯೇ ಇದೆ!” ತಿಪಟೂರಿನ ಕಡೆಯವರಿಗೆ ಅಟ್ಟವೆಂದರೆ ಕೊಬ್ಬರಿ. ಸುಲಿಯದ ಕಾಯಿಗಳನ್ನು ಹತ್ತಿರ ಹತ್ತಿರ ವರ್ಷದವರೆಗೆ ಅಟ್ಟದ ಮೇಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಎನ್ನಬೇಕು. ಅವಳು ಮೂಗೆಳೆದು ನೋಡಿ ಇಲ್ಲಿ ಕೊಬ್ಬರಿ ವಾಸನೆಯಿಲ್ಲ, ಅದೊಂದೇ ವ್ಯತ್ಯಾಸ ಎಂದಳು. ಅಲ್ಲಿಂದ ಸರಪಳಿಯಾಗಿ ಹತ್ತಿತು. ಬೀಸುಕಲ್ಲಿನ ಎದುರು ಕೂತವನಿಗೆ ತನ್ನ ಅಜ್ಜಿಯ ಮನೆಯ ಬೀಸುಕಲ್ಲು ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಿದ್ದಿರುವುದು ನೆನಪಾಯಿತು. ಹಳೆಯ ಅಳತೆಯ ಮಾತು ಬಂದಾಗ ಗಣಿತದ ಮೇಷ್ಟರು ತಡೆಯಲಾರದೆ ನಡುವೆ ಬಂದರು. ನಾಲ್ಕು ಪಾವು ಒಂದು ಸೇರು, ಹಾಗಾದರೆ ಇಷ್ಟು ದೊಡ್ಡ ಕುಟುಂಬಕ್ಕೆ, ಆಳುಕಾಳುಗಳಿಗೆ, ಬಂದುಹೋಗುವವರಿಗೆ ಒಂದು ದಿನಕ್ಕೆ ಎಷ್ಟು ಸೇರು ಅಕ್ಕಿ ಬೇಕು? ಮನೆಯಲ್ಲಿ ಎಷ್ಟು ಜನ ಇದ್ದಿರಬಹುದು ಎಂಬ ಅಂದಾಜಿನಿಂದಲೇ ಜಗಳ ಶುರು. ಕಂಬಗಳ ಸುತ್ತಳತೆಯನ್ನು ಗೇಣಿನಲ್ಲಿ ಅಳೆಯಬಹುದೇ ಎಂದು ಅವರೇ ಹೋಗಿ ಅಲ್ಲಿಯ ಸಿಬ್ಬಂದಿಯನ್ನು ಕೇಳಿ ಬಂದರು. ಒಂದು ದಿನ ಯಾಕೆ ಎಂದು ಕೇಳಿದ್ದ ಮನುಷ್ಯ ಊಟಕ್ಕೆ ಕರೆದರೆ “ಇನ್ನೆರಡು ಕಂಬ ಉಳಿದಿವೆ” ಎಂದರು.

ಈ ಮನೆ ಒಂದು ಕಾಲಕ್ಕೆ ತಾನೇ ಶಾಲೆಯಾಗಿತ್ತು ಎಂಬುದು ಮಕ್ಕಳಿಗೆ ಎಲ್ಲಕ್ಕಿಂತ ರುಚಿಸಿದ ಸಂಗತಿ. ಪುಟ್ಟಪ್ಪನಿಗೂ (ಅದೇ ಕುವೆಂಪು ಅವರ ಹೆಸರು) ಮನೆಯ ಇತರ ಮಕ್ಕಳಿಗೂ ಅಕ್ಷರ ಕಲಿಸಲು ದಕ್ಷಿಣ ಕನ್ನಡದಿಂದ ಮೇಷ್ಟರೊಬ್ಬರನ್ನು ಕರೆಸಿ ಇಟ್ಟುಕೊಂಡಿದ್ದರು. ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ (ಎ.ವಿ.) ಸ್ಕೂಲು ಆಮೇಲಿನದು. “ಆ ಮೇಷ್ಟರು ಹೇಗೆ ಬಂದರು ಮಿಸ್, ಬಸ್ಸಿತ್ತೇ?” ಎಂದು ಒಬ್ಬ ಕೇಳಿದ. ಘಾಟಿ ಹತ್ತಿ ಬಂದಿರಬೇಕು ಎಂದೆ. ಯಾವ ಘಾಟಿ, ಎಷ್ಟು ದಿನ, ಚಪ್ಪಲಿ ಇತ್ತೇ, ಹುಲಿ ಸಿಕ್ಕಿದ್ದರೆ? ನನಗೆ ಗೊತ್ತಿದ್ದ ಉತ್ತರ ಮುಗಿದು, ನಾಳೆ ಆ ಘಾಟಿಯ ಸೀಮೆಯಲ್ಲೇ ಇಳಿಯುತ್ತೇವಲ್ಲ, ಕಣ್ಣಿಟ್ಟು ನೋಡಿ ಎಂದು ತಪ್ಪಿಸಿಕೊಂಡೆ.

ಮಧ್ಯಾಹ್ನ ಎಣಿಸಿದರೆ 40. ಮತ್ತೆ ಎಣಿಸಿದರೂ 40. ನನ್ನ ಕೈಕಾಲು ತಣ್ಣಗಾಯಿತು. ತೋಟದ ಕಡೆ ಒಬ್ಬರು, ರಸ್ತೆಯ ಕಡೆ ಒಬ್ಬರು ಓಡಿದೆವು. ಕಡೆಗೆ ಅವನು ಸಿಕ್ಕಿದ್ದು ಜಗಲಿಯ ಮೂಲೆಯಲ್ಲಿ, ಕಂಬಕ್ಕೆ ಒರಗಿ, ಬಾಯಿ ತೆರೆದು ಗಾಢ ನಿದ್ರೆಯಲ್ಲಿ. “ತಣ್ಣಗಿತ್ತು ಮಿಸ್” ಎಂದ. ಜಗಲಿಯನ್ನು ಕಟ್ಟಿಸಿದವರು ಕೇಳಿದ್ದರೆ ಅವನಿಗೇ ಪೂರ್ತಿ ಅಂಕ ಕೊಡುತ್ತಿದ್ದರು.

ಸಂಜೆ ಕವಿಶೈಲಕ್ಕೆ ನಡೆದು ಹೊರಡುವ ಮೊದಲು ಸುತ್ತಮುತ್ತ ಒಂದಿಷ್ಟು ಅಲೆದೆವು. ರಸ್ತೆ ಬದಿಯ ಒಂದು ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೂತಿದ್ದ ವಯಸ್ಸಾದ ಹೆಂಗಸು ತಲೆಯೆತ್ತದೆ “ಯಾವ ಊರಿನವರು ಮಾರಾಯ್ತಿ ನೀವು?” ಎಂದರು. ತಿಪಟೂರು ಎಂದಾಗ “ಓ, ಕೊಬ್ಬರಿಯವರು” ಎಂದು ಕೆಲಸ ನಿಲ್ಲಿಸಿದರು. ಒಬ್ಬ ಹುಡುಗ, ದಿನವೂ ಅಪ್ಪನ ಜೊತೆ ಕಾಯಿ ಸುಲಿಯುವವನು, ನಾನೂ ಸುಲಿಯಲೇ ಅಜ್ಜಿ ಎಂದ. ಅವರು ಕೈಗೆ ಕೈ ಹಿಡಿದು ತೋರಿಸಿದರು. ಎರಡು ಅಡಿಕೆ ಹಾಳು ಮಾಡಿ ಮೂರನೆಯದನ್ನು ಅವನು ಇಡಿಯಾಗಿ ತೆಗೆದ. “ಶಾಲೆಯ ಬಸ್ಸು ಎಷ್ಟೋ ಬರುತ್ತವೆ. ಹೋ ಎಂದು ಕೂಗಿಕೊಂಡು ಹೋಗುತ್ತಾರೆ. ಇಳಿದು ಕೂತವರು ನೀವೇ” ಎಂದರು ಆಕೆ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಕಿತ್ತಳೆ ಬಿತ್ತು. ಹುಳಿಯೆಂದರೆ ಹುಳಿ, ಆದರೂ ಯಾರೂ ಬಿಸಾಡಲಿಲ್ಲ.

ಕವಿಶೈಲದ ಕಲ್ಲುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಹೇಳುವುದಿಲ್ಲ. 1994ರ ನವೆಂಬರಿನಲ್ಲಿ ಕವಿಯ ಅಂತ್ಯಸಂಸ್ಕಾರ ನಡೆದದ್ದು ಅಲ್ಲಿಯೇ, ಸಮಾಧಿಯ ಸುತ್ತ ಮಕ್ಕಳು ತಾವಾಗಿ ಚಪ್ಪಲಿ ಬಿಟ್ಟರು. ಹಾಸುಬಂಡೆಯ ಮೇಲೆ ಕವಿಯ ಗುರುಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಜೊತೆಗೆ ಕುವೆಂಪು ಇವರ ಹೆಸರಿನ ಗುರುತುಗಳನ್ನು ಕೆತ್ತಿರುವುದು ಇದೆ. ಆವತ್ತೇ ಬೆಳಗ್ಗೆ ಗೋಡೆಯ ಮೇಲೆ ಹೆಸರು ಗೀಚಬೇಡಿ ಎಂದು ಎಲ್ಲರಿಗೂ ಪಾಠ ಮಾಡಿದ್ದೆ. “ಹಾಗಾದರೆ ಇವರು ಕೆತ್ತಿದ್ದು ಪರವಾಗಿಲ್ಲವೇ ಮಿಸ್?” ಎಂದು ಪ್ರಶ್ನೆ ಬಂತು. ಸೂರ್ಯ ಮುಳುಗುತ್ತಿದ್ದಾನೆ ನೋಡು ಎಂದೆ.

ಮೂರನೆಯ ದಿನ: ಘಾಟಿ ಇಳಿದು ಪುತ್ತೂರಿಗೆ

ಆಗುಂಬೆಯ ತಿರುವುಗಳಲ್ಲಿ ಉದ್ದನೆಯ ಬಸ್ಸು ತಿರುಗುವುದಿಲ್ಲ, ಅಲ್ಲಿ ಓಡಾಡುವುದು ಮಿನಿ ಬಸ್ಸುಗಳೇ. ನಾವು ಕೊಪ್ಪ, ಶೃಂಗೇರಿ, ನೆಮ್ಮಾರು, ಕೆರೆಕಟ್ಟೆಯ ಮೇಲೆ ಹೋದೆವು. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಪುರಿ ಹಾಕಿ, ಮಠದಲ್ಲಿ ಪ್ರಸಾದದ ಊಟ ಮುಗಿಸಿ ಹೊರಟಿದ್ದು ತಪ್ಪಾಯಿತು. ಹೊಟ್ಟೆ ತುಂಬಿದ ಮಕ್ಕಳನ್ನು ಘಾಟಿ ಇಳಿಸಬಾರದು. ಕಾಡಿನ ನಡುವಿನ ಎಸ್.ಕೆ. ಬಾರ್ಡರ್ ತಲುಪುವಷ್ಟರಲ್ಲಿ ಏಳು ಮಂದಿ ಕಿಟಕಿಗೆ. ನಿಂಬೆಹಣ್ಣು ಮೂಸುವುದು, ಮುಂದಿನ ಸೀಟಿಗೆ ಬದಲಾಯಿಸುವುದು, ಹಸಿಶುಂಠಿಯ ತುಂಡು, ಎಲ್ಲ ಮಾಡಿದೆವು. ರಾಷ್ಟ್ರೀಯ ಉದ್ಯಾನದ ಕಾಡಾದ್ದರಿಂದ ಎಲ್ಲೆಂದರಲ್ಲಿ ಇಳಿಯುವಂತೆಯೂ ಇಲ್ಲ. ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ನಮ್ಮ ಜೊತೆ ಬಂದಿದ್ದ ಅಡುಗೆಯವರು ಎರಡು ದಿನದಿಂದ ಕೂಡಿಟ್ಟಿದ್ದರು. ಪ್ರವಾಸದುದ್ದಕ್ಕೂ ನಮ್ಮ ಬಳಿ ಇದ್ದ ಅತ್ಯಂತ ಬೆಲೆಬಾಳುವ ವಸ್ತು ಅದೇ ಎಂದು ಆಗ ಗೊತ್ತಾಯಿತು.

“ಎಸ್.ಕೆ. ಎಂದರೇನು ಮಿಸ್?” ಎಂದು ಕಿಟಕಿಯ ಬಳಿಯಿಂದ ಸೊರಗಿದ ದನಿ. ಸೌತ್ ಕೆನರಾ. ಈ ಸಾಲುಗುಡ್ಡದ ಈಚೆ ಮೈಸೂರು ಮಹಾರಾಜರ ಸಂಸ್ಥಾನ, ಆಚೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಎರಡೂ ಒಂದೇ ರಾಜ್ಯದ ಕೆಳಗೆ ಬಂದದ್ದು 1956ರಲ್ಲಿ. ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದು ಬರೆದು ಅಳಿಸಿದ್ದೇನೆ ಈ ಇಸವಿಯನ್ನು! ಆವತ್ತು ಮೊದಲ ಬಾರಿಗೆ ಯಾರೋ ಅದಕ್ಕೆ ಬೆಲೆ ಕೊಟ್ಟರು. “ಹಾಗಾದರೆ ಕುಪ್ಪಳಿಯ ಮೇಷ್ಟರು ಬೇರೆ ಸರ್ಕಾರದಿಂದ ಬಂದವರು” ಎಂದಳು ಅಟ್ಟದ ಹುಡುಗಿ. ಕಿಟಕಿಯವನು ಬಾಯಿ ಒರೆಸಿಕೊಂಡು “ಅವರಿಗೆ ವಾಂತಿಯಾಗಿರುವುದಿಲ್ಲ ಬಿಡು, ನಡೆದುಕೊಂಡು ಬಂದಿದ್ದಾರೆ” ಎಂದ.

ಮಾಳ, ಬಜಗೋಳಿ, ಕಾರ್ಕಳ. ಇಳಿದಂತೆ ಸ್ವೆಟರುಗಳು ಒಂದೊಂದಾಗಿ ಕಳಚಿದವು. ಮೂಡುಬಿದಿರೆ ದಾಟಿದ ಮೇಲೆ ಸಣ್ಣ ಹೋಟೆಲೊಂದರಲ್ಲಿ ಬನ್ಸು, ಗೋಳಿಬಜೆ, ಚಹಾ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅಲ್ಲಿಯ ಮಾಲೀಕರು ನಮ್ಮ ಮಕ್ಕಳ ಕನ್ನಡ ಕೇಳಿ ನಕ್ಕರು, ನಮ್ಮ ಮಕ್ಕಳು ಅವರ ಕನ್ನಡ ಕೇಳಿ ನಕ್ಕರು, ಲೆಕ್ಕ ಚುಕ್ತಾ. ಪುತ್ತೂರು ಸೇರಿದಾಗ ರಾತ್ರಿ ಎಂಟು. ಊಟಕ್ಕೆ ಕುಚ್ಚಲಕ್ಕಿ ಅನ್ನ ಬಡಿಸಿದಾಗ ಬೆಂದಿಲ್ಲ ಎಂದು ಒಬ್ಬ ದೂರು ಕೊಟ್ಟ. ಬೆಂದಿದೆ, ಅದರ ಜಾತಿಯೇ ಹಾಗೆ ಎಂದು ಸಮಾಧಾನ ಹೇಳಿದೆ.

ನಾಲ್ಕನೆಯ ದಿನ: ಬಾಲವನ, ಮತ್ತೆ ಮನೆ

ಕಾರಂತರ ಮನೆಯಿರುವ ಪರ್ಲಡ್ಕದ ಬಾಲವನಕ್ಕೆ ಪೇಟೆಯಿಂದ ದೂರವೇನಿಲ್ಲ. ಬೆಳಗಿನ ಹೊತ್ತೇ ಬೆವರು. ಕೋಟದಲ್ಲಿ 1902ರಲ್ಲಿ ಹುಟ್ಟಿದ ಕಾರಂತರು ಪುತ್ತೂರಿನಲ್ಲಿ ಕಳೆದದ್ದು ದಶಕಗಳನ್ನು. ಬರೆದರು, ಯಕ್ಷಗಾನದಲ್ಲಿ ಪ್ರಯೋಗ ಮಾಡಿದರು, ಅಚ್ಚುಕೂಟ ನಡೆಸಿದರು, ಮಕ್ಕಳನ್ನು ಕೂಡಿಹಾಕಿಕೊಂಡು ಆಟ, ಕುಣಿತ, ಚಿತ್ರದ ಮೂಲಕ ಕಲಿಸುವ ಶಾಲೆಯನ್ನೂ ನಡೆಸಿ ನೋಡಿದರು. ಕುಪ್ಪಳಿಯದು ಮಲೆನಾಡಿನ ದೊಡ್ಡ ಕುಟುಂಬದ ಮನೆ, ಇದು ಒಬ್ಬ ಮನುಷ್ಯ ತನ್ನ ಹಂಬಲಕ್ಕೆ ಬೇಕಾದಂತೆ ಕಟ್ಟಿಕೊಂಡ ಜಾಗ. ಹೆಸರೇ ಹೇಳುತ್ತದೆ.

ಇಲ್ಲಿ ನಾನು ಯಾವ ಕೆಲಸವನ್ನೂ ಹಚ್ಚಲಿಲ್ಲ. ಮರಗಳ ನಡುವೆ ಒಂದು ಗಂಟೆ ಬಿಟ್ಟುಬಿಟ್ಟೆ. ಕುಂಟೆಬಿಲ್ಲೆ, ಕಬಡ್ಡಿ, ಬಯಲು ರಂಗಮಂದಿರದಲ್ಲಿ ತಾವೇ ಕಟ್ಟಿದ ನಾಟಕ. ಘಾಟಿಯ ಮೇಷ್ಟರು ಹುಲಿಯ ಜೊತೆ ಮಾತಾಡಿ, ಅದಕ್ಕೂ ಮಗ್ಗಿ ಕಲಿಸಿ ಕುಪ್ಪಳಿ ಸೇರುವ ಕಥೆ. ಹುಲಿಗೆ ಏಳರ ಮಗ್ಗಿ ಬರಲಿಲ್ಲ. ಗಣಿತದ ಮೇಷ್ಟರೇ ಹುಲಿಯ ಪಾತ್ರಕ್ಕೆ ಒಪ್ಪಿದ್ದು ನನ್ನ ಹದಿನೇಳು ವರ್ಷದ ನೌಕರಿಯಲ್ಲಿ ಕಂಡ ದೊಡ್ಡ ಪವಾಡ.

ಆಮೇಲೆ ಕಾರಂತರು ವಾಸವಿದ್ದ ಮನೆಯನ್ನು ನೋಡಲು ಹೋದಾಗ ಸಾಲು ಮಾಡಿ ಎಂದು ಯಾರೂ ಹೇಳಬೇಕಾಗಲಿಲ್ಲ, ಇಬ್ಬಿಬ್ಬರಾಗಿ ಮೂಲೆ ಹಿಡಿದರು. 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ವಿಶ್ವಕೋಶವನ್ನು ಈ ಮನುಷ್ಯ ಒಬ್ಬರೇ ಬರೆದರು ಎಂದಾಗ “ಒಬ್ಬರೇ?” ಎಂದು ನಾಲ್ಕು ಕಡೆಯಿಂದ ಬಂತು. ಗಾಂಧೀಜಿಯ ಅಸಹಕಾರದ ಕರೆಗೆ ಕಾಲೇಜು ಬಿಟ್ಟವರು ಎಂದದ್ದು ಮಾತ್ರ ತಪ್ಪು ಹೊತ್ತಿನಲ್ಲಿ ಹೇಳಿದ ಹಾಗಾಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಡವಿದ್ದ ಇಬ್ಬರ ಮುಖ ಅರಳಿತು.

ಕುವೆಂಪು ಅವರಿಗೆ ಜ್ಞಾನಪೀಠ 1967ರ ಸಾಲಿನಲ್ಲಿ, ಕನ್ನಡಕ್ಕೆ ಮೊದಲನೆಯದು. ಕಾರಂತರಿಗೆ 1977. ಸರಿಯಾಗಿ ಹತ್ತು ವರ್ಷ ಎಂದು ಮಕ್ಕಳೇ ಲೆಕ್ಕ ಹಾಕಿದರು. ಪ್ರಶಸ್ತಿಯ ಮಾತು ಅಲ್ಲಿಗೇ ನಿಲ್ಲಲಿಲ್ಲ. 2015ರಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಪದ್ಮ ಪದಕಗಳನ್ನು ಒಯ್ದದ್ದು ಕುಪ್ಪಳಿಯಲ್ಲೇ ಅವರ ಕಿವಿಗೆ ಬಿದ್ದಿತ್ತು. “ಕಾರಂತರ ಪದಕ ಎಲ್ಲಿದೆ ಮಿಸ್?” ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಅವರೇ ಹಿಂದಿರುಗಿಸಿದರು ಎಂದೆ. ಜಗಲಿಯಲ್ಲಿ ನಿದ್ದೆ ಹೊಡೆದಿದ್ದ ಹುಡುಗ ಸ್ವಲ್ಪ ಯೋಚಿಸಿದ. “ಅಲ್ಲಿ ಕಳ್ಳರು ಒಯ್ದರು, ಇಲ್ಲಿ ಇವರೇ ಕೊಟ್ಟುಬಿಟ್ಟರು. ಎರಡು ಮನೆಯಲ್ಲೂ ಜನ ಬರುವುದು ನಿಂತಿಲ್ಲ.” ಪರೀಕ್ಷೆಯಲ್ಲಿ ಒಂದು ವಾಕ್ಯ ಬರೆಯಲು ಅಳುವ ಹುಡುಗ.

ಉಪ್ಪಿನಂಗಡಿ, ಶಿರಾಡಿ, ಸಕಲೇಶಪುರ, ಹಾಸನ. ಘಾಟಿ ಹತ್ತುವ ಮೊದಲು ಈ ಸಲ ಯಾರಿಗೂ ಹೊಟ್ಟೆ ತುಂಬ ಬಡಿಸಲಿಲ್ಲ. ಅರಸೀಕೆರೆಯಲ್ಲಿ ಕಡಲೆಕಾಯಿ ಕೊಂಡಾಗ ಪೊಟ್ಟಣಕ್ಕೆ ಕಾಗದ ಸಾಲದೆ ಮಾರುವವಳು ಪೇಚಾಡಿದಳು. ನಾನು ಚೀಲದಿಂದ ಮೂವತ್ತು ಪ್ರಶ್ನೆಗಳ ಹಾಳೆಗಳನ್ನು ತೆಗೆದುಕೊಟ್ಟೆ. ಚೆನ್ನಾಗಿ ಸುತ್ತಿಕೊಂಡವು.

ಸೋಮವಾರ ಪ್ರಬಂಧ ಬರೆಯಿರಿ ಎಂದು ನಾನು ಹೇಳಿರಲಿಲ್ಲ. ಆದರೂ ಅಟ್ಟದ ಹುಡುಗಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟು ಹೋದಳು. ಅವಳ ಅಜ್ಜಿಯ ಮನೆಯ ನಕ್ಷೆ. ಬಾಗಿಲು, ತೊಟ್ಟಿ, ಒಲೆ, ಏಣಿ, ಪ್ರತಿಯೊಂದರ ಪಕ್ಕ ಗೇಣಿನ ಲೆಕ್ಕ. ಅಟ್ಟದ ಚೌಕದೊಳಗೆ ಮಾತ್ರ ಅಂಕಿಯಿಲ್ಲ. ಅಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಳು: “ಕೊಬ್ಬರಿ ಎಣಿಸಲು ಅಜ್ಜಿ ಬಿಡಲಿಲ್ಲ.”